ಗೋಪುರದ ಮಕ್ಕಳು: ಉತ್ತರ ಹೇಳಬೇಕಾದವರು ಯಾರು?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಕಳೆದ ವರ್ಷದ ಕಿರುಪರೀಕ್ಷೆಯೊಂದರಲ್ಲಿ ನಾನು ಹೀಗೊಂದು ವಾಕ್ಯವನ್ನು ಬರೆದಿದ್ದೆ: ‘ಮೂರನೆಯ ರಿಚರ್ಡನು ತನ್ನ ಅಣ್ಣನ ಮಕ್ಕಳಿಬ್ಬರನ್ನೂ ಲಂಡನ್ನಿನ ಗೋಪುರದಲ್ಲಿ ಕೊಲ್ಲಿಸಿ ಇಂಗ್ಲೆಂಡಿನ ಸಿಂಹಾಸನವನ್ನೇರಿದನು.’ ಅದು ಗೈಡಿನಲ್ಲಿದ್ದ ವಾಕ್ಯ. ಕಂಠಪಾಠವಾಗಿತ್ತು. ಅಂಕ ಬಂದೇ ಬರುವುದೆಂಬ ಧೈರ್ಯವೂ ಇತ್ತು. ಉತ್ತರಪತ್ರಿಕೆ ಮರಳಿ ಕೈಗೆ ಬಂದಾಗ ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ನಮ್ಮ ಅಧ್ಯಾಪಕರ ಕೈಬರಹದಲ್ಲಿ ಮೂರೇ ಪದಗಳಿದ್ದವು: ‘ನಿನಗೆ ಹೇಗೆ ಗೊತ್ತು?’

ಉತ್ತರ ಹೇಳಲು ಗ್ರಂಥಾಲಯಕ್ಕೆ ಹೋದೆ. ಒಂದು ವಾರದ ಕೆಲಸವೆಂದುಕೊಂಡದ್ದು ಒಂದು ವರ್ಷ ಹಿಡಿಯಿತು. ಆ ವರ್ಷದ ಕೊನೆಯಲ್ಲಿ ನನಗೆ ತೋರಿದ ಅಭಿಪ್ರಾಯವನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ. ಐನೂರು ವರ್ಷಗಳಿಂದ ಪಂಡಿತರು ಬಿಡಿಸಲಾರದ ಒಗಟನ್ನು ಬಿಡಿಸಿದ್ದೇನೆಂಬ ಭ್ರಮೆ ನನಗಿಲ್ಲ. ಆದರೆ ಆ ಒಗಟಿನಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆಯೆಂದೂ, ಅವನ್ನು ನಾವು ಒಂದೇ ಎಂದು ತಿಳಿದು ಎಡವುತ್ತಿದ್ದೇವೆಂದೂ ನನ್ನ ನಂಬಿಕೆ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1483ನೆಯ ಇಸವಿ ಏಪ್ರಿಲ್ 9ರಂದು ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನು ತೀರಿಕೊಂಡನು. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನಾದ ಎಡ್ವರ್ಡನಿಗೆ ಹನ್ನೆರಡು ವರ್ಷ. ಅವನೇ ಐದನೆಯ ಎಡ್ವರ್ಡ್. ಕಿರಿಯವನಾದ ರಿಚರ್ಡನಿಗೆ ಒಂಬತ್ತು. ಅವನು ಯಾರ್ಕಿನ ಡ್ಯೂಕ್. ಬಾಲದೊರೆಯು ಆಗ ವೇಲ್ಸಿನ ಗಡಿಯ ಲಡ್ಲೋ ಕೋಟೆಯಲ್ಲಿ ಸೋದರಮಾವನಾದ ರಿವರ್ಸನ ಪೋಷಣೆಯಲ್ಲಿದ್ದನು. ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೊರಟ ಹುಡುಗನನ್ನು ಏಪ್ರಿಲ್ 30ರಂದು ಅವನ ಚಿಕ್ಕಪ್ಪ, ಗ್ಲಾಸ್ಟರಿನ ಡ್ಯೂಕ್ ರಿಚರ್ಡನು, ದಾರಿಯಲ್ಲೇ ತನ್ನ ವಶಕ್ಕೆ ತೆಗೆದುಕೊಂಡನು. ರಿವರ್ಸನು ಸೆರೆಯಾದನು. ಸುದ್ದಿ ಕೇಳಿದ ತಾಯಿ ಎಲಿಜಬೆತ್ ವುಡ್‌ವಿಲ್ ಕಿರಿಯ ಮಗನನ್ನೂ ಹೆಣ್ಣುಮಕ್ಕಳನ್ನೂ ಕರೆದುಕೊಂಡು ವೆಸ್ಟ್‌ಮಿನ್‌ಸ್ಟರ್ ಮಠದ ಆಶ್ರಯಕ್ಕೆ ಓಡಿಹೋದಳು.

ಚಿಕ್ಕಪ್ಪನು ರಾಜ್ಯರಕ್ಷಕನೆಂಬ ಪದವಿಯನ್ನು ಪಡೆದನು. ಬಾಲದೊರೆಯನ್ನು ಲಂಡನ್ನಿನ ಗೋಪುರದಲ್ಲಿ ಇಳಿಸಲಾಯಿತು. ಅಂದಿನ ಗೋಪುರವು ಬರಿಯ ಸೆರೆಮನೆಯಲ್ಲ, ಅರಮನೆಯೂ ಹೌದು. ದೊರೆಗಳು ಪಟ್ಟಾಭಿಷೇಕಕ್ಕೆ ಮುಂಚೆ ಅಲ್ಲಿ ತಂಗುವುದು ವಾಡಿಕೆ. ಆದ್ದರಿಂದ ಯಾರೂ ಹುಬ್ಬೇರಿಸಲಿಲ್ಲ. ಆದರೆ ಜೂನ್ 13ರಂದು ಹಳೆಯ ದೊರೆಯ ಆಪ್ತನಾದ ಹೇಸ್ಟಿಂಗ್ಸನ ತಲೆ ವಿಚಾರಣೆಯಿಲ್ಲದೆ ಉರುಳಿತು. ಜೂನ್ 16ರಂದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನೇ ಹೋಗಿ, ತಾಯಿಯ ಮನವೊಲಿಸಿ, ಕಿರಿಯ ಹುಡುಗನನ್ನೂ ಕರೆತಂದನು. ‘ಅಣ್ಣನಿಗೆ ಜೊತೆ ಬೇಕು’ ಎಂಬುದು ಕೊಟ್ಟ ಕಾರಣ. ಮಠದ ಸುತ್ತ ಆಯುಧಧಾರಿಗಳು ನಿಂತಿದ್ದಾಗ ತಾಯಿಯ ಮನ ಎಷ್ಟು ಒಲಿದಿತ್ತೋ ನಾವೇ ಊಹಿಸಿಕೊಳ್ಳಬಹುದು. ಹತ್ತೇ ದಿನಗಳಲ್ಲಿ, ಜೂನ್ 26ರಂದು, ಚಿಕ್ಕಪ್ಪನು ತಾನೇ ದೊರೆಯಾದನು. ಅಣ್ಣನಿಗೆ ಮೊದಲೇ ಬೇರೊಬ್ಬಳೊಡನೆ ವಿವಾಹದ ಒಪ್ಪಂದವಾಗಿತ್ತು, ಆದ್ದರಿಂದ ಈ ಮಕ್ಕಳು ಧರ್ಮಸಮ್ಮತವಾಗಿ ಹುಟ್ಟಿದವರಲ್ಲ ಎಂಬುದು ಅವನ ಕಡೆಯವರ ವಾದ. ಜುಲೈ 6ರಂದು ಪಟ್ಟಾಭಿಷೇಕವೂ ನಡೆಯಿತು.

ಆಗ ಲಂಡನ್ನಿನಲ್ಲಿದ್ದ ಡೊಮಿನಿಕೋ ಮಂಚೀನಿ ಎಂಬ ಇಟಲಿಯವನು ಅದೇ ವರ್ಷದ ಕೊನೆಯೊಳಗೆ ತಾನು ಕಂಡು ಕೇಳಿದ್ದನ್ನು ಬರೆದಿಟ್ಟನು. ಮಕ್ಕಳನ್ನು ಒಳಗಿನ ಕೋಣೆಗಳಿಗೆ ಸಾಗಿಸಲಾಯಿತೆಂದೂ, ಕಿಟಕಿಯ ಸರಳುಗಳ ಹಿಂದೆ ಅವರು ಕಾಣಿಸಿಕೊಳ್ಳುವುದು ದಿನದಿನಕ್ಕೆ ಕಡಿಮೆಯಾಗಿ ಕೊನೆಗೆ ನಿಂತೇಹೋಯಿತೆಂದೂ ಅವನು ಹೇಳುತ್ತಾನೆ. ಹಿರಿಯ ಹುಡುಗನು ಸಾವು ಹತ್ತಿರ ಬಂದಿತೆಂದು ತಿಳಿದು ದಿನವೂ ಪಾಪನಿವೇದನೆ ಮಾಡಿಕೊಳ್ಳುತ್ತಿದ್ದನೆಂದು ವೈದ್ಯನಾದ ಅರ್ಜೆಂಟೈನನು ಹೇಳಿದ ಮಾತನ್ನೂ ದಾಖಲಿಸುತ್ತಾನೆ. ಹನ್ನೆರಡು ವರ್ಷದ ಹುಡುಗ! ನಮ್ಮಲ್ಲಿ ಆ ವಯಸ್ಸಿನವರು ಇನ್ನೂ ಮಾಧ್ಯಮಿಕ ಶಾಲೆಯ ಅಂಗಳದಲ್ಲಿ ಗೋಲಿಯಾಡುತ್ತಿರುತ್ತಾರೆ. ಆದರೆ ಮಂಚೀನಿಯೂ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ: ಹುಡುಗನು ಸತ್ತನೋ, ಸತ್ತಿದ್ದರೆ ಹೇಗೆ ಸತ್ತನೋ, ತನಗೆ ತಿಳಿಯಲಿಲ್ಲವೆಂದು. ಸ್ಥಳದಲ್ಲಿದ್ದವನಿಗೆ ತಿಳಿಯದೆ ಹೋದದ್ದು ನನ್ನ ಗೈಡಿಗೆ ತಿಳಿದುಬಿಟ್ಟಿತ್ತು!

ಈ ಮಂಚೀನಿಯ ಬರಹವು ಫ್ರಾನ್ಸಿನ ಲೀಲ್ ಪಟ್ಟಣದ ಗ್ರಂಥಾಲಯದಲ್ಲಿ ಪತ್ತೆಯಾದದ್ದು 1934ರಲ್ಲಿ. ಅಲ್ಲಿಯವರೆಗೆ ಜನ ನಂಬಿದ್ದು ಹೆಚ್ಚಾಗಿ ಸರ್ ಥಾಮಸ್ ಮೋರನ ಕಥನವನ್ನು. ಅದರ ಬೆನ್ನಿಗೆ ಬಂದ ಷೇಕ್ಸ್‌ಪಿಯರನ ನಾಟಕವನ್ನು. ಮೋರನು ದೊಡ್ಡ ವಿದ್ವಾಂಸನೆಂಬುದರಲ್ಲಿ ಸಂದೇಹವಿಲ್ಲ. ಆದರೆ 1483ರಲ್ಲಿ ಅವನು ಐದು ವರ್ಷದ ಕೂಸು. ಅವನು ಬರೆಯಲು ಕೂತದ್ದು ಸುಮಾರು ಮೂವತ್ತು ವರ್ಷಗಳ ತರುವಾಯ. ಸರ್ ಜೇಮ್ಸ್ ಟಿರೆಲ್ ಎಂಬವನ ನೇತೃತ್ವದಲ್ಲಿ ಇಬ್ಬರು ಆಳುಗಳು ಹಾಸಿಗೆಯಲ್ಲೇ ಮಕ್ಕಳ ಉಸಿರು ಕಟ್ಟಿಸಿ, ಮೆಟ್ಟಿಲ ಬುಡದಲ್ಲಿ ಹೂತರೆಂದು ಅವನು ಹೇಳುತ್ತಾನೆ. ಟಿರೆಲ್ಲನು 1502ರಲ್ಲಿ ಬೇರೊಂದು ರಾಜದ್ರೋಹಕ್ಕಾಗಿ ತಲೆ ಕಳೆದುಕೊಳ್ಳುವ ಮುನ್ನ ಇದನ್ನು ಒಪ್ಪಿಕೊಂಡನಂತೆ. ಆ ಒಪ್ಪಿಗೆಯ ಪತ್ರ ಮಾತ್ರ ಎಲ್ಲಿಯೂ ಸಿಕ್ಕಿಲ್ಲ.

1674ರಲ್ಲಿ ಗೋಪುರದ ಹಳೆಯ ಮೆಟ್ಟಿಲೊಂದನ್ನು ಕೀಳುತ್ತಿದ್ದ ಕೆಲಸಗಾರರಿಗೆ ಇಬ್ಬರು ಮಕ್ಕಳ ಎಲುಬುಗಳು ಸಿಕ್ಕವು. ಮೋರನ ಮಾತು ನಿಜವಾಯಿತೆಂದು ಎಲ್ಲರೂ ಉದ್ಗರಿಸಿದರು. ಎರಡನೆಯ ಚಾರ್ಲ್ಸ್ ದೊರೆಯು ಅವನ್ನು ಅಮೃತಶಿಲೆಯ ಕುಂಭದಲ್ಲಿರಿಸಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಥಾಪಿಸಿದನು. ಆದರೆ ಮೋರನ ಮುಂದಿನ ಮಾತನ್ನು ಓದಿದವರೆಷ್ಟು ಮಂದಿ? ದೊರೆಗೆ ಆ ಜಾಗ ಹಿಡಿಸದೆ, ಪಾದ್ರಿಯೊಬ್ಬನ ಕೈಯಿಂದ ಶವಗಳನ್ನು ತೆಗೆಸಿ ಬೇರೆಡೆ ಗುಟ್ಟಾಗಿ ಹೂಳಿಸಲಾಯಿತೆಂದು ಅದೇ ಮೋರನು ಬರೆದಿದ್ದಾನೆ. ಅವನ ಮಾತನ್ನು ಪೂರ್ತಿ ನಂಬಿದರೆ ಮೆಟ್ಟಿಲ ಕೆಳಗೆ ಎಲುಬೇ ಇರಬಾರದು. ಅರ್ಧ ನಂಬಿದರೆ ಮಾತ್ರ ಎಲುಬು ಸಾಕ್ಷಿಯಾಗುತ್ತದೆ. 1933ರಲ್ಲಿ ಕುಂಭವನ್ನು ತೆರೆದು ಪರೀಕ್ಷಿಸಿದ ಟ್ಯಾನರ್ ಮತ್ತು ರೈಟ್ ಎಂಬ ವಿದ್ವಾಂಸರು ವಯಸ್ಸು ಹೊಂದುತ್ತದೆಂದರು. ಆದರೆ ಅವು ಗಂಡುಮಕ್ಕಳವೋ ಹೆಣ್ಣುಮಕ್ಕಳವೋ, ಯಾವ ಶತಮಾನದವೋ ಎಂಬುದು ಆ ಪರೀಕ್ಷೆಯಿಂದ ನಿರ್ಧಾರವಾಗಲಿಲ್ಲ.

ಇಷ್ಟನ್ನು ಓದಿದ ಮೇಲೆ ನಾನು ರಿಚರ್ಡನ ಪಕ್ಷಪಾತಿಯಾದೆ. ನಿಜ ಹೇಳಬೇಕೆಂದರೆ, ಅವನ ವಕೀಲನೇ ಆಗಿಬಿಟ್ಟೆ. ಅದಕ್ಕೆ ಪುಸ್ತಕಗಳಷ್ಟೇ ಕಾರಣವಲ್ಲ. ನಮ್ಮ ಮನೆಯ ಒಂದು ಸಂಗತಿಯೂ ಕಾರಣ. ಅದನ್ನು ಇಲ್ಲಿ ಹೇಳದಿದ್ದರೆ ನನ್ನ ಅಭಿಪ್ರಾಯದ ಬೇರು ಓದುಗರಿಗೆ ಕಾಣಲಾರದು.

ನಮ್ಮ ತಂದೆಯವರು ಅಕ್ಷರ ಬಲ್ಲವರಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಊರಿನ ದೊಡ್ಡ ಮನೆಯೊಂದರ ದನಗಳನ್ನು ಅವರು ಬಹಳ ವರ್ಷ ಕಾಯುತ್ತಿದ್ದರು. ನಾನು ಮೂರನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಒಂದು ಕರು ಹಟ್ಟಿಗೆ ಮರಳಲಿಲ್ಲ. ಮೂರು ದಿನ ಹಳ್ಳಕೊಳ್ಳಗಳನ್ನೆಲ್ಲ ಹುಡುಕಿದರೂ ಸಿಗಲಿಲ್ಲ. ಚಿರತೆ ಹಿಡಿಯಿತೋ, ಬಾವಿಗೆ ಬಿತ್ತೋ, ಯಾರಾದರೂ ಹೊಡೆದುಕೊಂಡು ಹೋದರೋ, ಇಂದಿಗೂ ತಿಳಿಯದು. ಆದರೆ ಊರಿಗೆ ಮಾತ್ರ ತಿಳಿದಿತ್ತು. ಸಂತೆಯಲ್ಲಿ ಮಾರಿಕೊಂಡನೆಂದು ಒಬ್ಬರು ಹೇಳಿದರು. ಮಾರಿದ್ದನ್ನು ಕಂಡವರಿದ್ದಾರೆಂದು ಇನ್ನೊಬ್ಬರು ಹೇಳಿದರು. ಕಂಡವರು ಯಾರೆಂದು ಕೇಳಿದರೆ ಹೆಸರಿಲ್ಲ. ಶಾಲೆಯಲ್ಲಿ ಒಂದು ವರ್ಷ ನನ್ನ ಹೆಸರು ‘ಕರುಗಳ್ಳನ ಮಗ’ ಎಂದಾಗಿತ್ತು.

ಆದ್ದರಿಂದ ಗಾಳಿಮಾತಿನಿಂದ ಮನುಷ್ಯನಿಗೆ ಪಟ್ಟ ಕಟ್ಟುವುದೆಂದರೇನೆಂದು ನನಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. ಗೆದ್ದವರ ಆಸ್ಥಾನದಲ್ಲಿ ಬೆಳೆದ ಬರಹಗಾರರು ಸೋತವನ ಮೈಗೆ ಗೂನು ಬೆನ್ನನ್ನೂ ಬತ್ತಿದ ಕೈಯನ್ನೂ ಅಂಟಿಸಿದರೆಂದು ಓದಿದಾಗ ನನಗೆ ಸಿಟ್ಟು ಬಂತು. ರಿಚರ್ಡನನ್ನು ಸಮರ್ಥಿಸುವವರು ಹಿಂದಿನಿಂದಲೂ ಇದ್ದಾರೆ. 1768ರಲ್ಲಿ ಹೊರೇಸ್ ವಾಲ್‌ಪೋಲ್ ಬರೆದನು. 1951ರಲ್ಲಿ ಜೋಸೆಫೀನ್ ಟೇ ಎಂಬ ಲೇಖಕಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಪತ್ತೇದಾರನೊಬ್ಬನಿಂದ ಈ ಮೊಕದ್ದಮೆಯನ್ನು ಮರುವಿಚಾರಣೆ ಮಾಡಿಸಿದಳು. ಅವರ ವಾದಗಳು ಹಗುರವಾದವಲ್ಲ. ಅದಕ್ಕೆ ಹಿಂದೆ ಪದಚ್ಯುತರಾಗಿ ಸತ್ತ ಎರಡನೆಯ ರಿಚರ್ಡನ ಮತ್ತು ಆರನೆಯ ಹೆನ್ರಿಯ ಶವಗಳನ್ನು ಸೇಂಟ್ ಪಾಲ್ಸ್ ಚರ್ಚಿನಲ್ಲಿ ಜನರಿಗೆ ತೋರಿಸಲಾಗಿತ್ತು. ಸತ್ತನೆಂದು ಜನ ನಂಬದಿದ್ದರೆ ದೊರೆಯನ್ನು ಕೊಂದು ಪ್ರಯೋಜನವೇನು? ಮಕ್ಕಳ ತಾಯಿ 1484ರ ಮಾರ್ಚಿಯಲ್ಲಿ ಹೆಣ್ಣುಮಕ್ಕಳೊಡನೆ ಆಶ್ರಯದಿಂದ ಹೊರಬಂದು ರಿಚರ್ಡನೊಡನೆ ರಾಜಿಯಾದಳು. ಮಕ್ಕಳನ್ನು ಕೊಂದವನೊಡನೆ ತಾಯಿ ರಾಜಿಯಾಗುವಳೆ? ಬಕಿಂಗ್‌ಹ್ಯಾಮಿನ ಡ್ಯೂಕನಿಗೂ ಅಧಿಕಾರವಿತ್ತು, ಆಸೆಯಿತ್ತು. ಅವನೇ ಏಕೆ ಕೊಂದಿರಬಾರದು? 1485ರ ಆಗಸ್ಟ್ 22ರಂದು ಬಾಸ್ವರ್ತ್ ರಣರಂಗದಲ್ಲಿ ರಿಚರ್ಡನನ್ನು ಕೆಡವಿ ದೊರೆಯಾದ ಏಳನೆಯ ಹೆನ್ರಿಗೂ ಈ ಮಕ್ಕಳು ಬದುಕಿರುವುದು ಅನುಕೂಲವಾಗಿರಲಿಲ್ಲ. ಏಕೆಂದರೆ ಅವನು ಮದುವೆಯಾದದ್ದು ಇವರ ಅಕ್ಕನನ್ನು. ಅವಳ ಹಕ್ಕನ್ನು ಎತ್ತಿಹಿಡಿದರೆ ತಮ್ಮಂದಿರ ಹಕ್ಕೂ ಎದ್ದು ನಿಲ್ಲುತ್ತದೆ.

ಈ ವಾದಗಳನ್ನೆಲ್ಲ ಕಟ್ಟಿಕೊಂಡು ರಜೆಗೆ ಊರಿಗೆ ಹೋದೆ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ತಂದೆಯವರಿಗೆ ಕಥೆಯನ್ನೆಲ್ಲ ಹೇಳಿದೆ. ಸುಳ್ಳು ಆಪಾದನೆ ಹೊತ್ತ ದೊರೆಯ ಮೇಲೆ ಅವರಿಗೆ ಕನಿಕರ ಬಂದೀತೆಂದು ನನ್ನ ಎಣಿಕೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಆ ಹುಡುಗರು ಯಾರ ಕೈಲಿದ್ರು?”

“ಅವರ ಚಿಕ್ಕಪ್ಪನ ಕೈಲಿ, ಅಪ್ಪ.”

“ಹಂಗಾದ್ರೆ ಹುಡುಗರೆಲ್ಲಿ ಅಂತ ಅವನೇ ಹೇಳ್ಬೇಕಲ್ಲಪ್ಪ. ಹೇಳಿದ್ನಾ?”

ನಾನು ನಿರುತ್ತರನಾದೆ. ಆಗ ನೆನಪಾಯಿತು: ಕರು ಕಳೆದ ಸಂಜೆ ತಂದೆಯವರು ಯಾರೂ ಕರೆಸುವ ಮೊದಲೇ ದೊಡ್ಡ ಮನೆಯ ಅಂಗಳಕ್ಕೆ ಹೋಗಿ ನಿಂತಿದ್ದರು. ನಾನೂ ಅವರ ಬೆರಳು ಹಿಡಿದು ಹೋಗಿದ್ದೆ. “ಯಜಮಾನ್ರೆ, ಕರು ಕಾಣ್ತಿಲ್ಲ. ನನ್ನ ಕೈಲಿತ್ತು, ನನ್ನನ್ನೇ ಕೇಳಿ” ಎಂದಿದ್ದರು. ಕದ್ದವರು ಅವರಲ್ಲ. ಆದರೂ ಉತ್ತರ ಹೇಳಬೇಕಾದವರು ತಾವೆಂದು ಅವರು ತಿಳಿದಿದ್ದರು. ಅಪರಾಧ ಬೇರೆ, ಹೊಣೆ ಬೇರೆ. ಒಂದನ್ನು ಹೊರಿಸಲು ಸಾಕ್ಷಿ ಬೇಕು. ಇನ್ನೊಂದು ವಹಿಸಿಕೊಂಡ ಗಳಿಗೆಯಲ್ಲೇ ಹೆಗಲೇರಿರುತ್ತದೆ.

ಈ ಅಳತೆಗೋಲನ್ನು ಹಿಡಿದು ಮತ್ತೆ ಪುಸ್ತಕಗಳಿಗೆ ಮರಳಿದೆ. ಈ ಬಾರಿ ‘ಕೊಂದವರು ಯಾರು’ ಎಂದು ಹುಡುಕಲಿಲ್ಲ; ‘ಯಾರು ಏನು ಹೇಳಿದರು’ ಎಂದು ಹುಡುಕಿದೆ. ಸಿಕ್ಕದ್ದು ಇದು.

1483ರ ಶರತ್ಕಾಲದ ಹೊತ್ತಿಗೆ ಮಕ್ಕಳು ಸತ್ತರೆಂಬ ವದಂತಿ ಹಬ್ಬಿತ್ತು. ದಕ್ಷಿಣದ ಜಿಲ್ಲೆಗಳಲ್ಲಿ ದಂಗೆಯೆದ್ದಿತು. ಅದರಲ್ಲಿ ಸೇರಿದ್ದ ಬಕಿಂಗ್‌ಹ್ಯಾಮನ ತಲೆಯನ್ನು ನವೆಂಬರ್ 2ರಂದು ಕಡಿಯಲಾಯಿತು. ಬಾಲದೊರೆಗೆ ಹದಿಮೂರು ತುಂಬಬೇಕಾಗಿದ್ದ ದಿನವೂ ಅದೇ. 1484ರ ಜನವರಿಯಲ್ಲಿ ಫ್ರಾನ್ಸಿನ ಪ್ರಧಾನಾಮಾತ್ಯನು ತೂರ್ ಪಟ್ಟಣದ ಮಹಾಸಭೆಯಲ್ಲಿ ಇಂಗ್ಲೆಂಡಿನ ದೊರೆಯು ಅಣ್ಣನ ಮಕ್ಕಳನ್ನು ಕೊಂದನೆಂದು ಬಹಿರಂಗವಾಗಿ ಹೇಳಿದನು. ಇಷ್ಟಾದರೂ ರಿಚರ್ಡನು ಬಾಯಿ ಬಿಟ್ಟ ದಾಖಲೆಯಿಲ್ಲ. ಮಕ್ಕಳು ಬದುಕಿದ್ದರೆ ಗೋಪುರದ ಬಾಗಿಲಿಗೆ ಕರೆತಂದು ತೋರಿಸಿದ್ದರೆ ಸಾಕಿತ್ತು. ರೋಗದಿಂದ ಸತ್ತಿದ್ದರೆ ದುಃಖದಿಂದ ಸಾರಿ, ಮರ್ಯಾದೆಯಿಂದ ಮಣ್ಣು ಮಾಡಬಹುದಿತ್ತು. ಬಕಿಂಗ್‌ಹ್ಯಾಮನು ಕೊಂದಿದ್ದರೆ ಅವನ ತಲೆ ಕಡಿಸಿದ ದಿನವೇ ಲೋಕಕ್ಕೆ ಹೇಳಿ, ಕೈ ತೊಳೆದುಕೊಳ್ಳಬಹುದಿತ್ತು. ಮೂರರಲ್ಲಿ ಒಂದನ್ನೂ ಮಾಡಲಿಲ್ಲ.

ದೊರೆಗಳು ವದಂತಿಗೆ ಉತ್ತರ ಹೇಳುವ ಪದ್ಧತಿಯಿರಲಿಲ್ಲವೆಂದು ಯಾರಾದರೂ ಹೇಳಬಹುದು. ಹಾಗಲ್ಲ. 1485ರ ಮಾರ್ಚಿಯಲ್ಲಿ, ರಾಣಿಗೆ ವಿಷವಿಕ್ಕಿ ಅಣ್ಣನ ಮಗಳನ್ನು ಮದುವೆಯಾಗಲಿದ್ದಾನೆಂಬ ಮಾತು ಹಬ್ಬಿದಾಗ, ಇದೇ ರಿಚರ್ಡನು ಲಂಡನ್ನಿನ ಮೇಯರನನ್ನೂ ನಾಗರಿಕರನ್ನೂ ಕ್ಲರ್ಕನ್‌ವೆಲ್ಲಿನಲ್ಲಿ ಸೇರಿಸಿ, ಅದು ಸುಳ್ಳೆಂದು ಗಟ್ಟಿಯಾದ ದನಿಯಲ್ಲಿ ಸಾರಿದನು. ಒಂದು ವದಂತಿಗೆ ಉತ್ತರ ಕೊಟ್ಟ ಬಾಯಿ ಇನ್ನೊಂದಕ್ಕೆ ಏಕೆ ಮುಚ್ಚಿತು? ಮಕ್ಕಳ ತಾಯಿ ರಾಜಿಯಾದಾಗ ಅವನು ಮಾಡಿದ ಪ್ರತಿಜ್ಞೆಯನ್ನೂ ನೋಡಿರಿ. ಹೆಣ್ಣುಮಕ್ಕಳ ಪ್ರಾಣಕ್ಕೆ ಅಪಾಯವಾಗದೆಂದೂ, ಅವರನ್ನು ಗೋಪುರದಲ್ಲಾಗಲಿ ಬೇರೆ ಸೆರೆಯಲ್ಲಾಗಲಿ ಇಡುವುದಿಲ್ಲವೆಂದೂ ಅವನು ಪ್ರಮಾಣ ಮಾಡಿ ಹೇಳಬೇಕಾಯಿತು. ಗಂಡುಮಕ್ಕಳ ಹೆಸರೇ ಅದರಲ್ಲಿಲ್ಲ. ಇದನ್ನು ಓದಿದ ಮೇಲೆ ‘ತಾಯಿ ರಾಜಿಯಾದಳಲ್ಲ’ ಎಂಬ ವಾದ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಉಳಿದ ಮಕ್ಕಳನ್ನಾದರೂ ಉಳಿಸಿಕೊಳ್ಳಲು ಹೊರಬಂದ ತಾಯಿಯನ್ನು ನಾವು ಸಾಕ್ಷಿಯ ಕಟಕಟೆಗೆ ಎಳೆಯಬಾರದು.

ನ್ಯಾಯವೆಂದರೆ ಎರಡೂ ಕಡೆಗೆ ನ್ಯಾಯ. ಏಳನೆಯ ಹೆನ್ರಿಯೂ ಉತ್ತರ ಹೇಳಬೇಕಾದವನೇ. ಬಾಸ್ವರ್ತಿನ ನಂತರ ಗೋಪುರದ ಬೀಗದ ಕೈ ಅವನದು. ರಿಚರ್ಡನ ಮೇಲೆ ಹೊರಿಸಿದ ದೋಷಾರೋಪಣೆಯ ಶಾಸನದಲ್ಲಿ ಶಿಶುಗಳ ರಕ್ತ ಚೆಲ್ಲಿದನೆಂಬ ಮಾತಿದೆ. ಯಾವ ಶಿಶುಗಳು, ಎಲ್ಲಿ, ಎಂದು, ಯಾರ ಕೈಯಿಂದ ಎಂಬುದಿಲ್ಲ. ಮಕ್ಕಳ ಜನ್ಮಕ್ಕೆ ಕಳಂಕ ಹಚ್ಚಿದ ಹಿಂದಿನ ಶಾಸನವನ್ನು ಪಾರ್ಲಿಮೆಂಟಿನಲ್ಲಿ ಓದಿಸದೆಯೇ ರದ್ದುಮಾಡಿಸಿ, ಪ್ರತಿಗಳನ್ನು ನಾಶಮಾಡಲು ಆಜ್ಞಾಪಿಸಿದನು. ಅವನಿಗೂ ಉತ್ತರ ಹೇಳುವ ದಾರಿ ಗೊತ್ತಿತ್ತು. 1487ರಲ್ಲಿ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಹುಡುಗನು ತಾನೇ ವಾರ್ವಿಕ್ಕಿನ ಅರ್ಲ್ ಎಂದು ಹೊರಟಾಗ, ನಿಜವಾದ ವಾರ್ವಿಕ್ಕನನ್ನು ಗೋಪುರದಿಂದ ಹೊರತೆಗೆದು ಸೇಂಟ್ ಪಾಲ್ಸ್‌ವರೆಗೆ ಮೆರವಣಿಗೆ ಮಾಡಿಸಿದನು. ಆದರೆ ಪರ್ಕಿನ್ ವಾರ್ಬೆಕ್ ಎಂಬವನು 1491ರಿಂದ ತಾನೇ ಕಿರಿಯ ರಾಜಕುಮಾರನೆಂದು ಹೇಳಿಕೊಂಡು ತಿರುಗಿದಾಗ, ಇಗೋ ಅವರ ಸಮಾಧಿ ಎಂದು ಹೆನ್ರಿ ತೋರಿಸಲಿಲ್ಲ. 1499ರಲ್ಲಿ ವಾರ್ಬೆಕ್ಕನನ್ನು ನೇಣಿಗೇರಿಸಿದನು. ಪ್ರಶ್ನೆಯನ್ನು ಹಾಗೆಯೇ ಬಿಟ್ಟನು. ಅವನಿಗೆ ತಿಳಿದಿರಲಿಲ್ಲವೋ, ತಿಳಿಸಲು ಮನಸ್ಸಿರಲಿಲ್ಲವೋ! ಹೇಗಿದ್ದರೂ ವಿಚಾರಣೆ ನಡೆಸದಿದ್ದುದು ಅವನ ತಪ್ಪು. ಆದರೆ ಮೊದಲು ಮಕ್ಕಳನ್ನು ಕೈಹಿಡಿದು ಒಳಗೆ ಕರೆದೊಯ್ದವನು ಅವನಲ್ಲ.

ಹೊಸ ಶೋಧನೆಗಳು ಈಗಲೂ ನಡೆದಿವೆ. 2012ರಲ್ಲಿ ಲೆಸ್ಟರ್ ಪಟ್ಟಣದ ವಾಹನ ನಿಲ್ದಾಣವೊಂದರ ನೆಲದಡಿ ರಿಚರ್ಡನದೇ ಅಸ್ಥಿಪಂಜರ ಸಿಕ್ಕಿತು. ಅವನ ಅಕ್ಕನ ಹೆಣ್ಣುಸಂತತಿಯವರ ಡಿ.ಎನ್.ಎ. ಜೊತೆ ಅದು ಹೊಂದಿತು. 2015ರಲ್ಲಿ ಅಲ್ಲಿನ ಕತೀಡ್ರಲ್ಲಿನಲ್ಲಿ ಮರುಸಮಾಧಿಯಾಯಿತು. ಬೆನ್ನು ನಾಟಕದಲ್ಲಿರುವಂತೆ ಗೂನಲ್ಲ, ಕೈ ಬತ್ತಿರಲಿಲ್ಲ. ಆದರೆ ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದುದು ನಿಜ. ವದಂತಿ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? 2023ರಲ್ಲಿ ಫಿಲಿಪ್ಪಾ ಲ್ಯಾಂಗ್ಲಿ ಎಂಬವರು ಮಕ್ಕಳು ತಪ್ಪಿಸಿಕೊಂಡು ಬದುಕಿದ್ದರೆಂದು ಯೂರೋಪಿನ ದಫ್ತರಗಳಿಂದ ಪತ್ರಗಳನ್ನು ಮುಂದಿಟ್ಟರು. ಅವು ತೋರಿಸುವುದು ಹಾಗೆ ಹೇಳಿಕೊಂಡವರಿದ್ದರೆಂಬುದನ್ನೇ ಹೊರತು ಅವರು ನಿಜವಾದ ರಾಜಕುಮಾರರೆಂಬುದನ್ನಲ್ಲವೆಂದು ಹಲವು ಚರಿತ್ರಕಾರರು ಹೇಳಿದರು. 2024ರಲ್ಲಿ ಟಿಮ್ ಥಾರ್ನ್‌ಟನ್ ಎಂಬ ಪ್ರಾಧ್ಯಾಪಕರು 1516ರ ಒಂದು ಮರಣಶಾಸನವನ್ನು ಬೆಳಕಿಗೆ ತಂದರು. ಬಾಲದೊರೆ ಎಡ್ವರ್ಡನದೆಂದು ಹೇಳಿದ ಸರವೊಂದು ಅದರಲ್ಲಿದೆ, ಬರೆಸಿದ ಹೆಂಗಸು ಆ ಟಿರೆಲ್ಲನ ಹೆಂಡತಿಯ ಬಂಧು. ಇದು ಮೋರನ ಕಥೆಯ ಕಡೆಗೆ ಬೆರಳು ತೋರುತ್ತದೆ. ಆದರೆ ಬೆರಳು ತೋರುವುದೇ ತೀರ್ಪಲ್ಲ.

ಅಬೆಯ ಕುಂಭವನ್ನು ಮತ್ತೆ ತೆರೆದು ಡಿ.ಎನ್.ಎ. ಪರೀಕ್ಷೆ ಮಾಡಬೇಕೆಂಬ ಕೋರಿಕೆಗಳನ್ನು ಸಂಬಂಧಪಟ್ಟವರು ನಿರಾಕರಿಸುತ್ತ ಬಂದಿದ್ದಾರೆ. ಸತ್ತವರ ನಿದ್ರೆಗೆ ಭಂಗ ಬೇಡವೆಂಬ ಭಾವನೆ ಗೌರವಕ್ಕೆ ಅರ್ಹವಾದುದೇ. ಆದರೂ ತೆರೆಯಬೇಕೆಂದೇ ನನ್ನ ಅಭಿಪ್ರಾಯ. ಆ ಎಲುಬುಗಳು ಬೇರೆ ಯಾರದೋ ಬಡಮಕ್ಕಳವಾಗಿದ್ದರೆ, ಅವರು ಮತ್ತೊಬ್ಬರ ಹೆಸರಿನಲ್ಲಿ ಮಲಗಿದ್ದಾರೆ. ರಾಜಕುಮಾರರವೇ ಆಗಿದ್ದರೆ, ಅವರ ಹೆಸರು ಅವರಿಗೆ ಖಚಿತವಾಗಿ ಸೇರಲಿ. ಆದರೆ ಎಲುಬು ಯಾರದೆಂದು ತಿಳಿದರೂ ಕೈ ಯಾರದೆಂದು ತಿಳಿಯದು. ಮೊದಲ ಪ್ರಶ್ನೆ ಆಗಲೂ ಹಾಗೆಯೇ ಉಳಿದೀತು.

ಕೊನೆಯದಾಗಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ‘ರಿಚರ್ಡನು ಕೊಲ್ಲಿಸಿದನು’ ಎಂದು ಪರೀಕ್ಷೆಯಲ್ಲಿ ನಾನು ಇನ್ನು ಬರೆಯಲಾರೆ. ಅದು ಸಂಭವನೀಯ, ಸಿದ್ಧವಾದದ್ದಲ್ಲ. ‘ರಿಚರ್ಡನು ನಿರಪರಾಧಿ’ ಎಂದೂ ಬರೆಯಲಾರೆ. ರಕ್ಷಕನೆಂಬ ಹೆಸರು ಹೊತ್ತು, ಇಬ್ಬರು ಮಕ್ಕಳನ್ನು ತಾಯಿಯ ಮಡಿಲಿನಿಂದ ತರಿಸಿಕೊಂಡು, ಅವರು ಏನಾದರೆಂದು ಸಾಯುವವರೆಗೂ ಹೇಳದೆ ಹೋದವನ ಮೇಲಿನ ಹೊಣೆ ಯಾವ ಹೊಸ ದಾಖಲೆ ಸಿಕ್ಕರೂ ಇಳಿಯುವುದು ಕಷ್ಟ. ಅಧಿಕಾರದಲ್ಲಿರುವವರು ‘ನಾನು ಮಾಡಲಿಲ್ಲ’ ಎಂದರೆ ಸಾಲದು. ‘ನನ್ನ ಕೈಯಲ್ಲಿತ್ತು, ನನ್ನನ್ನೇ ಕೇಳಿ’ ಎನ್ನಬೇಕು. ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುತ್ತೇವೆ, ಕೆಲವರು ಕಚೇರಿಗಳಲ್ಲಿ ಕೂರುತ್ತೇವೆ. ನಮ್ಮ ಕೈಗೂ ಯಾರಾದರೂ ಏನನ್ನಾದರೂ ನಂಬಿ ಒಪ್ಪಿಸುತ್ತಾರೆ.

ಈ ಲೇಖನವನ್ನು ಪತ್ರಿಕೆಗೆ ಕೊಡುವ ಮೊದಲು ತಂದೆಯವರಿಗೆ ಓದಿ ಹೇಳಿದೆ. ಕರುವಿನ ವಿಷಯವನ್ನು ಅಚ್ಚು ಹಾಕಿಸಬಹುದೆ ಎಂದೂ ಕೇಳಿದೆ. “ಹಾಕ್ಸು. ಆದ್ರೆ ಕರು ಸಿಗ್ಲಿಲ್ಲ ಅನ್ನೋದನ್ನೂ ಬರಿ” ಎಂದರು. ಬರೆದಿದ್ದೇನೆ.